ಸಾಹೇಬರ ಧ್ವನಿಯಲ್ಲಿ ನಾನು ಕೊಟ್ಟ ಆರ್ಡರ್

ಹೋದ ತಿಂಗಳು ನಾನು ಒಂದು ಸರ್ಕಾರಿ ಆರ್ಡರ್ ಹೊರಡಿಸಿದೆ. ಸಹಿ ಇಲ್ಲ, ಸೀಲಿಲ್ಲ, ಕೂರಲು ಕುರ್ಚಿಯೂ ಇರಲಿಲ್ಲ. ಶಂಕಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಒಂದು ಕೈಯಲ್ಲಿ ಬೋಂಡಾ, ಇನ್ನೊಂದರಲ್ಲಿ ಗೆಳೆಯನ ಫೋನು ಹಿಡಿದು ಹೊರಡಿಸಿದೆ.

ಆ ಆರ್ಡರ್ ನಂಬಿಕೊಂಡು ಒಬ್ಬ ಹೆಣ್ಣುಮಗಳು ಕೈಗೆ ಬಂದಿದ್ದ ಕೆಲಸವನ್ನು ಬೇಡ ಅಂದುಬಿಟ್ಟಳು.

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಪ್ರತಿ ವಾರ ಈ ಜಾಗದಲ್ಲಿ ನಾನು ಊರವರನ್ನೆಲ್ಲ ಅಣಕಿಸುತ್ತೇನೆ, ನೀವು ನಗುತ್ತೀರಿ. (ನಗುತ್ತೀರಿ ಅಂತ ಎಡಿಟರ್ ಹೇಳುತ್ತಾರೆ. ನಾನು ನೋಡಿಲ್ಲ.) ಈ ವಾರದ ಗಿರಾಕಿ ನಾನೇ. ನಗು ಬಂದರೆ ನಕ್ಕುಬಿಡಿ. ನನಗಂತೂ ಬರುತ್ತಿಲ್ಲ.

ಹೊಸದಾಗಿ ಈ ಪುಟಕ್ಕೆ ಬಂದವರಿಗೆ ನನ್ನ ಪರಿಚಯ: ಮಿಮಿಕ್ರಿ ಕುಮಾರ. ಮದುವೆ, ಕಿವಿ ಚುಚ್ಚುವ ಶಾಸ್ತ್ರ, ಸೀರೆ ಅಂಗಡಿ ಓಪನಿಂಗ್, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಮೇಕೆ, ಕಂಡಕ್ಟರ್, ತೊಪ್ಪೂರು ಘಾಟಿ ಇಳಿಯುವ ಲಾರಿ, ನನ್ನನ್ನು ಬೈಯುವ ನಮ್ಮವ್ವ, ಎಲ್ಲ ಧ್ವನಿಯೂ ಬರುತ್ತದೆ. ಊರು ತಮಿಳು ಸೀಮೆಯ ಎಡಪ್ಪಾಡಿಯ ಹತ್ತಿರ. ನಮ್ಮ ಬೀದಿಯಲ್ಲಿ ಮನೆಗೊಂದು ಕೈಮಗ್ಗ. ಮಗ್ಗದ ಮುಂದೆ ಕನ್ನಡ, ಹೊಸಿಲು ದಾಟಿದರೆ ತಮಿಳು.

ಬೀದಿಯ ಕೊನೆಗೆ ಒಂದು ಹಾಲ್ ಇದೆ. ಬಾಗಿಲ ಮೇಲೆ ತಮಿಳಿನಲ್ಲಿ ‘ಇಳೈಞರ್ ಮನ್ರಂ’ ಅಂತ ಬರೆದಿದೆ, ಅಂದರೆ ಯುವಕರ ಸಂಘ. ನಮ್ಮ ಬಾಯಲ್ಲಿ ಅದು ಬರೀ ‘ಮನ್ರ’. ಒಂದು ಕೇರಂ ಬೋರ್ಡು, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ತಲೆಗೆ ಒಂದೇಟು ಹಾಕಿದರೆ ಮಾತ್ರ ಏಳುವ ಕಂಪ್ಯೂಟರು. ಜೊತೆಗೆ ಸರ್ಕಾರದ ಗ್ರಾಂಟಿನಲ್ಲಿ, ಕಾಂಟ್ರಾಕ್ಟಿನ ಮೇಲೆ, ಸಂಜೆ ಹೊತ್ತು ಬಾಗಿಲು ತೆಗೆದುಕೊಂಡು ಕೂರಲು ಒಬ್ಬ ಕೆಲಸಗಾರ್ತಿ. ಹೆಸರು ವಸಂತಕ್ಕ.

‘ಬಾಗಿಲು ತೆಗೆದುಕೊಂಡು ಕೂರುವ ಕೆಲಸ’ ಅನ್ನುವುದು ಆಫೀಸಿನವರ ಮಾತು. ಕೂತಿದ್ದನ್ನು ನಾವು ಯಾರೂ ನೋಡಿಲ್ಲ.

ವಸಂತಕ್ಕ ಧರ್ಮಪುರಿ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡಿದ್ದಾನೆ, ಮಗಳು ಪ್ಲಸ್‌ಟೂ, ಅಂದರೆ ನಿಮ್ಮ ಸೆಕೆಂಡ್ ಪಿಯುಸಿ, ಓದುತ್ತಿದ್ದಾಳೆ. ನಮ್ಮ ಬೀದಿಯಲ್ಲೇ ಬಾಡಿಗೆ ಮನೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಹೊಸಿಲಿನಾಚೆ ಬಿಡದ ಬೀದಿ ನಮ್ಮದು. ಅಂಥಲ್ಲಿ ಹುಡುಗಿಯರು ಮನ್ರಕ್ಕೆ ಬಂದು ಓದುತ್ತಿದ್ದರು. ಯಾಕೆ? ಮುಗಿದ ಮೇಲೆ ವಸಂತಕ್ಕ ಒಬ್ಬೊಬ್ಬಳನ್ನೂ ಅವಳವಳ ಮನೆಯ ತನಕ ನಡೆಸಿಕೊಂಡು ಹೋಗಿ, ಅಪ್ಪನ ಮುಖ ಕಂಡ ಮೇಲೇ ತಿರುಗುತ್ತಿದ್ದಳು. ಅದು ಅವಳ ಕೆಲಸದಲ್ಲಿ ಬರೆದಿರಲಿಲ್ಲ.

ನಾನು ಹತ್ತನೇ ಕ್ಲಾಸು ಫೇಲಾಗಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಕಾಲ. ಬೇಜಾರಿಗೆ ಬೀದಿಯವರನ್ನೆಲ್ಲ ಅಣಕಿಸುವುದು, ಒದೆ ತಿನ್ನುವುದು. ಒಂದು ಸಂಜೆ ವಸಂತಕ್ಕ ಕಿವಿ ಹಿಡಿದು ಎಳೆದುಕೊಂಡು ಹೋಗಿ ಮನ್ರದ ಬೆಂಚಿನ ಮೇಲೆ ನಿಲ್ಲಿಸಿದಳು.

“ಬೀದೀಲಿ ಅಣಕ್ಸುದ್ರೆ ಒದೆ ಬೀಳ್ತೈತೆ. ಇಲ್ಲಿ ನಿಂತ್ಕಂಡು ಅಣಕ್ಸು ನೋಡಾನ.”

ಅಣಕಿಸಿದೆ. ಚಪ್ಪಾಳೆ ಬಿತ್ತು. ಜೀವನದಲ್ಲಿ ಮೊದಲ ಸಲ ಬೆನ್ನಿನ ಮೇಲಲ್ಲದೆ ಬೇರೆ ಕಡೆ ಆ ಸದ್ದು ಕೇಳಿಸಿತ್ತು. ಕನ್ನಡ ಅಕ್ಷರವನ್ನೂ ಅವಳೇ ಕಲಿಸಿದಳು. ನಮಗೆ ಮಾತು ಬರುತ್ತದೆ, ಬರೆಯಲು ಬರುವುದಿಲ್ಲ. ಅವಳು ಕೊಳ್ಳೇಗಾಲದ ಚಿಕ್ಕಮ್ಮನ ಮನೆಯಲ್ಲಿ ಓದಿದವಳು. ನೀವು ಈಗ ಓದುತ್ತಿರುವ ಈ ಸಾಲು ಸರ್ಕಾರದ ಖರ್ಚಿನಲ್ಲಿ ಕಲಿತದ್ದು ಸ್ವಾಮಿ. (ಕಾಗುಣಿತ ತಪ್ಪಿದ್ದರೆ ಮಾತ್ರ ನನ್ನ ಸ್ವಂತದ್ದು.)

ಅಕ್ಕನಿಗೂ ನನಗೂ ಒಂದು ಆಟ ಇತ್ತು. ಬೇರೆ ಬೇರೆ ನಂಬರಿನಿಂದ ಬೇರೆ ಬೇರೆ ಧ್ವನಿಯಲ್ಲಿ ಫೋನ್ ಮಾಡುತ್ತಿದ್ದೆ. ಬ್ಯಾಂಕ್ ಮ್ಯಾನೇಜರ್, ಗ್ಯಾಸ್ ಏಜೆನ್ಸಿಯವನು, ಹೆಣ್ಣು ಕೇಳಲು ಬಂದ ಮುದುಕ. ಮಾತು ಮುಗಿಯುವ ಮೊದಲೇ ಹಿಡಿಯುತ್ತಿದ್ದಳು. “ಲೇ ಮಂಗ, ಧ್ವನಿ ಯಾರ್ದಾನ ಆಗ್ಲಿ, ನಡುವೆ ಉಸ್ರು ಎಳ್ಕಳೋದು ಮಾತ್ರ ನಿಂದೇ. ಇಡು ಫೋನು!” ಬೈದು ನಗುತ್ತಿದ್ದಳು. ಆ ನಗುವಿಗಾಗಿ ನಾನು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದೆ.

ಈಚೆಗೆ ಅವಳು ನಗುವುದು ಬಿಟ್ಟಿದ್ದಳು. ಗ್ರಾಂಟು ಮೇಲಿನಿಂದ ಬಂದಿಲ್ಲ, ಕಾಂಟ್ರಾಕ್ಟು ಮುಂದುವರಿಯುತ್ತದೋ ಇಲ್ಲವೋ ಗೊತ್ತಿಲ್ಲ ಅಂತ ಆಫೀಸಿನಿಂದ ಮಾತು ಬಂದಿತ್ತು. ಅಲ್ಲಿನ ಸೂಪರಿಂಟೆಂಡೆಂಟ್ ಸಾಹೇಬರು ತಮಿಳಿನವರು, ಏನು ಕೇಳಿದರೂ ಗಂಟಲು ಸರಿಮಾಡಿಕೊಂಡು “ಪಾಕ್ಕಲಾಂ” ಅನ್ನುತ್ತಾರೆ. ಅಂದರೆ, ನೋಡೋಣ. ಗ್ರಾಂಟು ಬರುತ್ತಾ ಸಾರ್? ಪಾಕ್ಕಲಾಂ. ಮನ್ರ ಮುಚ್ಚುತ್ತೀರಾ ಸಾರ್? ಪಾಕ್ಕಲಾಂ. ಫ್ಯಾನು ತಿರುಗುತ್ತಿಲ್ಲ ಸಾರ್? ತಲೆಯೆತ್ತಿ ಫ್ಯಾನನ್ನೂ ನೋಡದೆ, ಪಾಕ್ಕಲಾಂ.

ಅವರ ಗಂಟಲು ನನಗೆ ಬಾಯಿಪಾಠ. ಅಕ್ಕನನ್ನು ಒಂದು ಸಲ ನಗಿಸಿಬಿಡೋಣ ಅನ್ನಿಸಿತು. ಗೆಳೆಯನ ಫೋನು ಕಿತ್ತುಕೊಂಡೆ. ಗಂಟಲು ಸರಿಮಾಡಿಕೊಂಡೆ.

“ವಸಂತಾಮ್ಮಾ? ಆರ್ಡರ್ ವಂದಾಚ್ಚು. ಮನ್ರಂ ಮೂಡ ಮಾಟ್ಟೋಂ. ನೀಂಗಳೇ ಇರುಂಗ.”

ಆರ್ಡರ್ ಬಂತಮ್ಮ, ಮನ್ರ ಮುಚ್ಚುವುದಿಲ್ಲ, ನೀವೇ ಇರಿ. ಇಷ್ಟೇ. ಆಮೇಲೆ ಬೈಗುಳಕ್ಕೆ ಕಾದೆ.

ಬೈಗುಳ ಬರಲಿಲ್ಲ. “ಸಾರ್... ರೊಂಬ ನನ್ರಿ ಸಾರ್” ಅಂದಳು, ತುಂಬಾ ಉಪಕಾರ ಆಯಿತು ಅಂತ. ಫೋನು ಕಿವಿಯಿಂದ ತೆಗೆದಳು ಅಂತ ಕಾಣುತ್ತದೆ, ಮಾತು ದೂರವಾಯಿತು. ದೂರದಿಂದ ಕನ್ನಡದಲ್ಲಿ ಕೇಳಿಸಿತು: “ಅಪ್ಪಾ... ಉಳ್ಕಂತು.”

ಸಾಹೇಬರಿಗೆ ಕನ್ನಡ ಬರುವುದಿಲ್ಲ. ಆ ಮಾತು ಫೋನಿಗೆ ಹೇಳಿದ್ದಲ್ಲ.

‘ಅಕ್ಕಾ, ನಾನು ಕಣಕ್ಕ’ ಅನ್ನಬೇಕಿತ್ತು. ಇಡೀ ಜಿಲ್ಲೆಯ ಧ್ವನಿ ಮಾಡುವವನಿಗೆ ತನ್ನದೊಂದು ಬಾಯಿಗೆ ಬರಲಿಲ್ಲ. ಕಟ್ ಮಾಡಿದೆ. ಸಂಜೆ ಎದುರಿಗೇ ಹೇಳಿ ಬೈಸಿಕೊಂಡರಾಯಿತು ಅಂದುಕೊಂಡು ಬೋಂಡಾ ಮುಗಿಸಿದೆ. ಅದೂ ಚಟ್ನಿ ಕೇಳಿ ಹಾಕಿಸಿಕೊಂಡು.

ಸಂಜೆ ಹೋದರೆ ಮನ್ರ ತುಂಬಿದೆ. ಅಕ್ಕ ಕೇಸರಿ ಮಾಡಿ ತಂದಿದ್ದಾಳೆ. ಹುಡುಗಿಯರು ಅವಳ ಕುತ್ತಿಗೆಗೆ ಜೋತುಬಿದ್ದಿದ್ದಾರೆ. ಆ ತನಕ ಕಿಟಕಿಯ ಹೊರಗೇ ನಿಂತು ಮಗಳನ್ನು ಕರೆಯುತ್ತಿದ್ದ ಅಪ್ಪ ಒಬ್ಬ ಒಳಗೆ ಬಂದು, “ಒಳ್ಳೇದಾತು ವಸಂತಮ್ಮ, ನಮ್ ಮಗೀನ್ ಓದೊಂದು ಮುಗ್ದೋಗ್ಲಿ” ಅಂತ ಕೈಮುಗಿದ. ಇದರ ನಡುವೆ ನಿಂತು ಏನಂತ ಹೇಳುವುದು? ಎಲೆಯಲ್ಲಿ ಕೇಸರಿ ಕೊಟ್ಟಳು. ತಿಂದೆ. ಇನ್ನೊಂದು ಸಲ ಕೊಟ್ಟಳು. ಅದನ್ನೂ ತಿಂದೆ. ನನ್ನಂಥವನ ನಾಚಿಕೆಗೂ ಹಸಿವಾಗುತ್ತದೆ ನೋಡಿ.

ಮಾರನೆಯ ಬೆಳಿಗ್ಗೆ ಧೈರ್ಯ ತಂದುಕೊಂಡು ಅವಳ ಮನೆಗೆ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅವಳು ಶುರುಮಾಡಿದಳು.

“ಕುಮಾರಾ, ನಿಂಗೇಳಿರ್ಲಿಲ್ಲ ಕಣೋ. ಧರ್ಮಪುರೀಲಿ ಒಂದು ಕಾಲೇಜು ಆಸ್ಟಲ್ಲು, ವಾರ್ಡನ್ ಕೆಲ್ಸಕ್ಕೆ ಕರ್ದಿದ್ರು. ಇರೋಕೆ ರೂಮೂ ಅವ್ರದೇ. ಬತ್ತೀನೋ ಇಲ್ವೋ ಅಂತ ಇವತ್ತಿಗೆ ಏಳ್ಬೇಕಿತ್ತು. ಈಗ್ತಾನೆ ಫೋನ್ ಮಾಡಿ ಬರಲ್ಲ ಅಂದ್ಬುಟ್ಟೆ. ಮಕ್ಳ್‌ನ ಬುಟ್ಟು ಎಂಗೆ ಓಗಾದು?”

ನಾನು ಅಲ್ಲೇ ಬಾಗಿಲಲ್ಲಿ ಕೂತುಬಿಟ್ಟೆ. ಕೂತೇ ಹೇಳಿದೆ. ತಲೆ ಎತ್ತಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಲೆಯ ಮೇಲಿನ ಹಾಲು ಇಳಿಸಿ ಬಂದಳು. “ಆ ಮಾತ್ನ ಇನ್ನೊಂದ್ ಸಲ ಏಳು” ಅಂದಳು.

“ಏನಕ್ಕಾ?”

“ಅದೇ. ಸಾರ್ ಧ್ವನೀಲಿ ಏನೇಳ್ದೆ? ಏಳು.”

ಹೇಳಿದೆ. ಆರ್ಡರ್ ವಂದಾಚ್ಚು, ಮನ್ರಂ ಮೂಡ ಮಾಟ್ಟೋಂ. ಗಂಟಲು ಕಟ್ಟಿಕೊಂಡಿದ್ದರಿಂದ ಸಾಹೇಬರು ಇನ್ನೂ ಚೆನ್ನಾಗಿ ಬಂದರು. ಅವಳು ಗೋಡೆ ನೋಡುತ್ತಾ ಕೇಳಿಸಿಕೊಂಡಳು.

“ಸಾರ್ ಇಷ್ಟು ಪ್ರೀತಿಯಾಗಿ ಮಾತಾಡಲ್ಲ. ನಾನು ಅಲ್ಲೇ ಕಂಡು ಇಡೀಬೇಕಿತ್ತು ನಿನ್ನ,” ಅಂದಳು.

ಆ ಕ್ಷಣವೇ ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ನನ್ನ ಸ್ವಂತ ಧ್ವನಿಯಲ್ಲಿ, ಇದ್ದದ್ದು ಇದ್ದಂತೆ. ಆ ಕಡೆಯ ಹೆಂಗಸು ಮರ್ಯಾದೆಯಿಂದಲೇ ಮಾತಾಡಿದರು. ಪಟ್ಟಿಯಲ್ಲಿ ಮುಂದಿದ್ದ ಇನ್ನೊಬ್ಬರನ್ನು ಆಗಲೇ ಗೊತ್ತುಮಾಡಿ ಆಗಿದೆ, ಅವರು ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಾರೆ ಅಂದರು. ನಾನು ಅಂಗಲಾಚಿದೆ. “ತಂಬೀ, ಇದೂ ಮಿಮಿಕ್ರಿನಾ?” ಅಂತ ಕೇಳಿದರು. ತಮಾಷೆ ಮಾಡುವವನು ಸತ್ಯ ಹೇಳಿದರೆ ಅದರ ಗತಿ ಇಷ್ಟೇ.

ಇನ್ನು ಉಳಿದ ದಾರಿ ಒಂದೇ. ನಾನು ಹೊರಡಿಸಿದ ಆರ್ಡರನ್ನು ನಿಜ ಮಾಡುವುದು. ಆಫೀಸಿಗೆ ಹೋದೆ. ಸಾಹೇಬರ ಮುಂದೆ ನಿಂತು, ಸಾರ್, ನಾನು ನಿಮ್ಮ ಧ್ವನಿಯಲ್ಲಿ ಹೀಗೆ ಮಾಡಿದೆ, ಅದರಿಂದ ಹೀಗಾಯಿತು, ಪೊಲೀಸಿಗೆ ಬೇಕಾದರೂ ಕೊಡಿ, ಮನ್ರ ಮಾತ್ರ ಉಳಿಸಿ ಅಂದೆ.

ಅವರು ಕನ್ನಡಕ ತೆಗೆದರು. ಕೂರು ಅಂದರು. ನಾನು ಏನು ಹೇಳಿದ್ದೆ ಅಂತ ಮತ್ತೊಮ್ಮೆ ಕೇಳಿದರು. (ನನ್ನ ಜೀವನದ ಅತಿ ಕೆಟ್ಟ ಪ್ರೋಗ್ರಾಮು ಅದು. ಆಸಾಮಿಯ ಎದುರಿಗೇ ಆಸಾಮಿ.) ಕೇಳಿಸಿಕೊಂಡು ಕನ್ನಡಕ ಒರೆಸಿದರು. ಆಮೇಲೆ ತಮಿಳಿನಲ್ಲಿ ನಿಧಾನಕ್ಕೆ ಹೇಳಿದರು: “ನನ್ನ ಸರ್ವೀಸಿನಲ್ಲಿ ಒಬ್ಬರಿಗೂ ಈ ಮಾತನ್ನು ಹೇಳುವುದಕ್ಕೆ ಆಗಿಲ್ಲಪ್ಪ. ನೀನಾದರೂ ಹೇಳಿದೆ.”

ಅವರು ಕೆಟ್ಟವರೇನಲ್ಲ. ಮನ್ರಕ್ಕಾಗಿ ಮೇಲಕ್ಕೆ ಬರೆದಿದ್ದರಂತೆ. ಮೇಲಿನವರು ಒಂದೇ ಪ್ರಶ್ನೆ ಕೇಳಿದರಂತೆ: ಔಟ್‌ಪುಟ್ ಏನು?

ನನಗೆ ತಲೆ ಕೆಟ್ಟದ್ದು ಅಲ್ಲಿ. ಔಟ್‌ಪುಟ್ ಏನು?

ಸೆಲ್ವ ಅಂತ ನನ್ನ ಗೆಳೆಯ. ಶಂಕಗಿರಿಯಲ್ಲಿ ಲಾರಿ ಕ್ಲೀನರ್ ಆಗಿ ಸೇರಿ, ಬಾಟಲಿ ಹಿಡಿದು, ಮನೆ ಬಿಟ್ಟು ತಿರುಗುತ್ತಿದ್ದವನು. ವಸಂತಕ್ಕ ಲಾರಿ ಶೆಡ್ಡುಗಳಲ್ಲಿ ವಿಚಾರಿಸಿಕೊಂಡು ಹೋಗಿ ಹಿಡಿದು ತಂದು, ಓದಿಸಿ, ಲೈಸೆನ್ಸ್ ಮಾಡಿಸಿದಳು. ಈಗ ಅವನದೇ ಸ್ಟೇರಿಂಗು. ತೊಪ್ಪೂರು ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಷ್ಟೋ ಜನ ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ಲಾರಿ ಬಿಡುತ್ತಾರೆ. ಸೆಲ್ವ ಬಿಡುವುದಿಲ್ಲ. ಯಾಕೋ ಅಂದರೆ, “ಅಕ್ಕಂಗೆ ಮಾತು ಕೊಟ್ಟಿವ್ನಿ ಲಾ” ಅನ್ನುತ್ತಾನೆ.

ಆ ಇಳಿಜಾರಿನಲ್ಲಿ ಅವನ ಲಾರಿ ಯಾರ ಕಾರಿನ ಮೇಲೂ ಹೋಗಲಿಲ್ಲ. ಹೋಗದೇ ಇದ್ದದ್ದನ್ನು ಯಾವ ಪೇಪರಿನಲ್ಲಿ ಹಾಕುತ್ತಾರೆ? ಓದು ನಿಲ್ಲದೇ ಇದ್ದ ಹುಡುಗಿ, ಬಾಟಲಿ ಹಿಡಿಯದೇ ಇದ್ದ ಹುಡುಗ, ಪರೀಕ್ಷೆಯಲ್ಲಿ ಫೇಲಾಗಿಯೂ ನೇಣಿಗೆ ಹೋಗದೇ ಇದ್ದ ಮಗು, ಇವರಿಗೆಲ್ಲ ರಿಬ್ಬನ್ ಕಟ್ಟಿ ಕತ್ತರಿಸುವುದು ಹೇಗೆ? ಸೇತುವೆ ಕಟ್ಟಿದರೆ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ವಸಂತಕ್ಕ ಕಟ್ಟಿದ್ದರ ಮೇಲೆ ನಿಲ್ಲಲು ಆಗುವುದಿಲ್ಲ. ಅದು ರಾತ್ರಿ ಮನೆಗೆ ಬಂದು ಅನ್ನ ತಿಂದು ಮಲಗುತ್ತದೆ, ಅಷ್ಟೇ.

ದುಡ್ಡಿಲ್ಲ ಅನ್ನುತ್ತಾರೆ. ನಾಳೆ ಇದೇ ಹುಡುಗರು ಕುಡಿದು ಬಿದ್ದರೆ ಆಸ್ಪತ್ರೆಗೆ ದುಡ್ಡು ಇರುತ್ತದೆ. ಹೊಡೆದಾಡಿದರೆ ಪೊಲೀಸ್ ಜೀಪಿಗೆ ಡೀಸೆಲ್ ಇರುತ್ತದೆ. ಜೈಲಿಗೆ ಹೊಸ ಗೋಡೆಯೂ ಏಳುತ್ತದೆ. ಎಲ್ಲ ಕೆಟ್ಟ ಮೇಲೆ ಧಾರಾಳವಾಗಿ ಬಿಚ್ಚುವ ಗಂಟನ್ನು ಕೆಡುವ ಮೊದಲು ಸ್ವಲ್ಪ ಸಡಿಲಿಸಲು ಯಾಕೆ ಇಷ್ಟು ಜಿಪುಣತನ? (ಸಾಹೇಬರನ್ನು ಕೇಳಿದೆ. ಉತ್ತರ ನಿಮಗೆ ಗೊತ್ತು.)

ಹೊರಡುವಾಗ ಅವರು ಒಂದು ಸಮಾಧಾನ ಹೇಳಿದರು. ಈಗ ಮುಚ್ಚೋಣ, ಮುಂದೆ ಯಾವಾಗಲಾದರೂ ಗ್ರಾಂಟು ಬಂದರೆ ಮತ್ತೆ ತೆರೆಯೋಣ, ಪಾಕ್ಕಲಾಂ. ಇದನ್ನು ದೊಡ್ಡ ಶುಭಸುದ್ದಿ ಅನ್ನುವಂತೆ ತಂದು ನಮ್ಮವ್ವನಿಗೆ ಹೇಳಿದೆ. ಅವಳು ಮಗ್ಗದಲ್ಲಿ ಸೀರೆ ಮುಗಿಸಿ, ಹೊಸ ನೂಲು ಏರಿಸುತ್ತಿದ್ದಳು. ಸೀರೆ ಮುಗಿದಾಗ ನಾವು ನೂಲನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಅಚ್ಚಿನಲ್ಲೇ, ಅಂದರೆ ಎಳೆ ಹಾಯುವ ಹಣಿಗೆಯಲ್ಲೇ, ಬಿಟ್ಟು, ಅದಕ್ಕೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುತ್ತೇವೆ. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ.

ಅವ್ವ ತಲೆ ಎತ್ತದೆ ಕೆಚ್ಚುತ್ತಲೇ ಅಂದಳು. “ಅಳೇ ನೂಲೆಲ್ಲ ಕಿತ್ತು ಬಿಸಾಕ್ಬುಟ್ಟು ಆಮೇಲೆ ಬಂದು ಕೆಚ್ಚು ಅಂದ್ರೆ, ಯಾವ್ದುಕ್ಕೆ ಕೆಚ್ಚಾದು? ವಸಂತ ಊರ್ ಬುಟ್ಟು ಓದ್ಮೇಲೆ ಇನ್ಯಾವಳೋ ಬಂದು ಕರುದ್ರೆ ಈ ಬೀದಿ ಗಂಡಸ್ರು ಎಣ್‌ಮಕ್ಳುನ್ನ ಕಳುಸ್ತಾರೇನ್ಲಾ? ಅವಳ ಮೇಲೆ ನಂಬ್ಕೆ ಬರೋಕೇ ಎಷ್ಟು ವರ್ಷ ಆತು, ನಿಂಗೇನ್ ಗೊತ್ತು. ಓಗು, ಮೇಕೆ ಥರ ಅರಚ್ಕಂಡಿರು.”

ನಾನು ಅರಚಲಿಲ್ಲ. ಮಗ್ಗದ ಪಕ್ಕ ಕೂತು ಒಂದೊಂದೇ ಎಳೆ ಎತ್ತಿಕೊಟ್ಟೆ.

ಮನ್ರ ಮುಚ್ಚಿತು. ಆಫೀಸಿನಿಂದ ಒಬ್ಬ ಬಂದು ಕಂಪ್ಯೂಟರು ಹೊತ್ತುಕೊಂಡು ಹೋದ. (ಅದಕ್ಕೆ ಒಂದೇಟು ಹಾಕಬೇಕು ಅನ್ನುವುದನ್ನು ಯಾರೂ ಅವನಿಗೆ ಹೇಳಲಿಲ್ಲ. ಅಷ್ಟಾದರೂ ಸೇಡು ಬೇಡವೇ?) ಸಂಜೆ ಹುಡುಗರು ಹಾಲಿನ ಮೆಟ್ಟಿಲ ಮೇಲೆ ಕೂತು ಫೋನು ಒತ್ತುತ್ತಾರೆ. ಒಂದಿಬ್ಬರು ಆಗಲೇ ಮೆಟ್ಟಿಲು ಬಿಟ್ಟು ಟಾಸ್ಮಾಕ್, ಅಂದರೆ ಸರ್ಕಾರಿ ಹೆಂಡದಂಗಡಿಯ ಹಿಂದಿನ ಗೋಡೆಗೆ ಹೋಗಿದ್ದಾರೆ. ಅದರ ಬಾಗಿಲು ಮಾತ್ರ ಸರಿಯಾದ ಹೊತ್ತಿಗೆ ತೆರೆಯುತ್ತದೆ. ಹುಡುಗಿಯರು ಒಬ್ಬರೂ ಮೆಟ್ಟಿಲ ಹತ್ತಿರವೂ ಕಾಣುವುದಿಲ್ಲ. ಅಂದು ಕೇಸರಿ ತಿಂದು ಕೈಮುಗಿದಿದ್ದ ಅಪ್ಪ ಮೊನ್ನೆ ಎದುರಿಗೆ ಸಿಕ್ಕಿದ. ಮಗಳು ಎಲ್ಲಣ್ಣ ಅಂದೆ. ಮನೇಲಿ ನೂಲು ಸುತ್ತುತ್ತಾವಳೆ ಅಂದ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ವಸಂತಕ್ಕನಿಗೆ ಧರ್ಮಪುರಿಯ ಒಂದು ಜವಳಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ದಿನವೆಲ್ಲ ನಿಂತು ಸೀರೆ ಬಿಚ್ಚಿ ತೋರಿಸುವ, ಗಿರಾಕಿ ಬೇಡ ಅಂದ ಮೇಲೆ ಮತ್ತೆ ಮಡಿಸುವ ಕೆಲಸ. ಮಗಳನ್ನು ಪರೀಕ್ಷೆಯ ತನಕ ನಮ್ಮ ಮನೆಯಲ್ಲೇ ಬಿಟ್ಟುಹೋಗು ಅಂತ ಅವ್ವ ಹಟ ಹಿಡಿದು ಒಪ್ಪಿಸಿದ್ದಾಳೆ.

ಅವಳು ಹೊರಡುವ ದಿನ ಸಾಮಾನು ಕಟ್ಟಲು ಹೋದೆ. ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಾ, ರಾತ್ರಿಯೆಲ್ಲ ಯೋಚಿಸಿದ್ದ ನನ್ನ ಮಹಾ ಪ್ಲಾನು ಬಿಚ್ಚಿದೆ.

“ಅಕ್ಕಾ, ನೀನು ಓಗ್ಬೇಡ. ಗವರ್ನಮೆಂಟು ಆಳಾಗ್ಲಿ. ನಾವೇ ಹುಡುಗ್ರು ಸೇರ್ಕಂಡು ಮನ್ರ ನಡುಸ್ತೀವಿ. ಯಾರ್ದಾನ ಜಗಲಿ ಕೇಳ್ತೀವಿ. ನಾನು ಪ್ರೋಗ್ರಾಮ್ ಮಾಡಿ ಬಂದಿದ್ರಲ್ಲಿ ನಿಂಗೂ ಕೊಡ್ತೀನಿ. ಸೇವೆ ಅಂತ ಮಾಡಾನ.”

“ದಿನಾ ಸಂಜೆ ಬತ್ತೀಯಾ?”

“ಬತ್ತೀನಿ.”

“ದಿನಾ?”

“ಪ್ರೋಗ್ರಾಮ್ ಇಲ್ದಿರೋ ದಿನ ಎಲ್ಲಾ.”

ಅವಳು ಹಗ್ಗದ ಗಂಟು ಬಿಗಿದಳು. ಸಿಟ್ಟಿರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿ ಅಕ್ಷರ ತಿದ್ದಿಸುತ್ತಿದ್ದಾಗ ಎಷ್ಟು ತಾಳ್ಮೆ ಇತ್ತೋ ಅಷ್ಟೇ ತಾಳ್ಮೆಯಲ್ಲಿ ಹೇಳಿದಳು:

“ಆಫೀಸ್ನೋರು ಬಾಗ್ಲು ಮುಚ್ಚುದ್ರೆ, ತೆಗ್ಯೋದು ನಿಮ್ ಕೆಲ್ಸ ಅಂತ ಓಗಿ ಜಗ್ಳ ಆಡ್ಬೋದು ಕಣಪ್ಪಾ. ನೀನು ಮುಚ್ಚುದ್ರೆ, ಇಷ್ಟು ದಿನ ತೆಗ್ದಿದ್ದಕ್ಕೆ ಥ್ಯಾಂಕ್ಸ್ ಏಳ್ಬೇಕು.”